ಗುಂಡು ಬರುವ ತನಕ ಕಾಯಬೇಕು: ಬಳ್ಳಾರಿಯ ಒಂದು ಕೆಟಲ್‌ಬೆಲ್ ಪ್ರಕರಣ

ಮೂರನೇ ವಾರದ ಬುಧವಾರ ಸಂಜೆ. ಹತ್ತು ಸ್ವಿಂಗ್‌ಗಳ ನಾಲ್ಕನೇ ಸೆಟ್ ಮುಗಿಸಿ ಅವರು ಕೆಟಲ್‌ಬೆಲ್ ಕೆಳಗಿಟ್ಟರು. ಕೆಟಲ್‌ಬೆಲ್ ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಉಂಡೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾಲ ನಡುವಿನಿಂದ ಎದೆಯ ಮಟ್ಟಕ್ಕೆ ಬೀಸುವುದೇ ಸ್ವಿಂಗ್. ಎದ್ದವರು ಎರಡೂ ಕೈಯನ್ನು ಸೊಂಟದ ಹಿಂದೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. "ಮೇಡಂ, ನಡ ಹಿಡ್ಕಂಡಂಗೆ ಆಗೈತೆ" ಅಂದರು. ಮುಖದಲ್ಲಿ ನೋವಿಗಿಂತ ಸಂಕೋಚವೇ ಜಾಸ್ತಿ ಇತ್ತು, ತಾವೇ ಏನೋ ತಪ್ಪು ಮಾಡಿದ ಹಾಗೆ.

ಆ ಸಂಜೆಯಿಂದ ಅವರು ನೋವಿಲ್ಲದೆ ಸ್ವಿಂಗ್ ಮಾಡುವವರೆಗೆ ಒಂಬತ್ತು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ನನ್ನ ತಪ್ಪು ಊಹೆಗೆ ಹೋಯಿತು. ಬಳ್ಳಾರಿಯಲ್ಲಿ ವ್ಯಾಯಾಮ ಕಲಿಸುವುದು ನನ್ನ ಕೆಲಸ. ಇದೇ ತೊಂದರೆ ಬಂದು, "ನನಗೆ ಇದು ಆಗಿಬರಲ್ಲ" ಅಂತ ಬಿಟ್ಟು ಹೋದ ಹೆಂಗಸರನ್ನು ನಾನು ನೋಡಿದ್ದೇನೆ. ಆಗ ಅವರಿಗೆ ಸರಿಯಾದ ಉತ್ತರ ಕೊಡಲು ನನಗೂ ಆಗಿರಲಿಲ್ಲ. ಅದಕ್ಕೇ ಈ ಒಬ್ಬರ ವಿಷಯವನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಅವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದರು. ಅಕ್ಕ ಅಂತಲೇ ಕರೆಯುತ್ತೇನೆ.

ಅಕ್ಕನಿಗೆ 41 ವರ್ಷ. ಜೀನ್ಸ್ ಯೂನಿಟ್ ಒಂದರಲ್ಲಿ ಹೊಲಿಗೆ ಕೆಲಸ. ಬಳ್ಳಾರಿ ಜೀನ್ಸ್ ಅಂದರೆ ಹೊರಗಿನವರಿಗೆ ಪ್ಯಾಂಟು ನೆನಪಾಗುತ್ತದೆ, ನನಗೆ ಬಗ್ಗಿದ ಬೆನ್ನುಗಳು ನೆನಪಾಗುತ್ತವೆ. ಕಟ್ಟಿಂಗ್ ಟೇಬಲ್ ಮುಂದೆ ನಿಂತವರಿಂದ ಹಿಡಿದು ಮನೆಯಲ್ಲಿ ಕೂತು ದಾರ ಕತ್ತರಿಸುವವರ ತನಕ ಎಲ್ಲರೂ ಮುಂದಕ್ಕೆ ಬಗ್ಗಿಯೇ ದಿನ ಕಳೆಯುತ್ತಾರೆ. ಅಕ್ಕನ ಮಿಷನ್ನಿನ ಎಡಗಡೆ ಕತ್ತರಿಸಿದ ಬಟ್ಟೆಯ ಕಟ್ಟು ಇರುತ್ತದೆ. ಹೊಲಿದದ್ದನ್ನು ಬಲಗಡೆ ನೆಲದ ಮೇಲೆ ಹಾಕಬೇಕು. ಎಡದಿಂದ ಎಳೆದುಕೋ, ಹೊಲಿ, ಬಲಕ್ಕೆ ತಿರುಗಿ ಇಡು. ದಿನಕ್ಕೆ ಎಂಟೊಂಬತ್ತು ಗಂಟೆ ಇದೇ ಕೆಲಸ. ಈ ತಿರುಗುವ ವಿಷಯ ಮುಂದೆ ಮತ್ತೆ ಬರುತ್ತದೆ.

ಅವರು ಬಂದಿದ್ದು ಕತ್ತು, ಭುಜ ಬಿಗಿಯುತ್ತದೆ ಅಂತ. ಶಕ್ತಿಗೇನೂ ಕಡಿಮೆ ಇರಲಿಲ್ಲ. ಓಣಿಯ ಕೊನೆಯಲ್ಲಿರುವ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತುಂಬಿಸಿ ಮನೆಗೆ ತರುವುದು ಅವರೇ. 20 ಲೀಟರ್ ನೀರು ಅಂದರೆ 20 ಕಿಲೋ. ಅಂಥವರು ಮೊದಲ ದಿನ 12 ಕಿಲೋ ಕೆಟಲ್‌ಬೆಲ್ ನೋಡಿ "ಅಯ್ಯೋ, ಈ ಗುಂಡು ನನ್ ಕೈಲಿ ಆಗಲ್ಲ" ಅಂದರು. ನಮ್ಮ ಹೆಂಗಸರು ಅದನ್ನು ಗುಂಡು ಅಂತಲೇ ಕರೆಯುತ್ತಾರೆ. ಜಾತ್ರೆಯಲ್ಲಿ ಗಂಡಸರು ಎತ್ತುವ ಗುಂಡುಕಲ್ಲು ನೋಡಿ ಬೆಳೆದವರಿಗೆ ಬೇರೆ ಹೆಸರು ಯಾಕೆ ಬೇಕು? ರಷ್ಯಾದಲ್ಲೂ ಇದು ಸಂತೆಯಲ್ಲಿ ಧಾನ್ಯ ತೂಗುವ ಕಲ್ಲಾಗಿಯೇ ಶುರುವಾದದ್ದು. ಅಲ್ಲಿ ಇದನ್ನು ಗಿರ್ಯಾ ಅನ್ನುತ್ತಾರೆ. ಅಲ್ಲಿನ ಹಳೇ ಅಳತೆ ಒಂದು ಪೂಡ್ ಅಂದರೆ ಸುಮಾರು 16.4 ಕಿಲೋ. ಈಗಲೂ ಗುಂಡುಗಳು 16, 24, 32 ಅಂತ ಬರುವುದು ಅದರಿಂದಲೇ.

ಕತ್ತು, ಭುಜದ ಬಿಗಿತಕ್ಕೆ ಸ್ವಿಂಗ್ ಯಾಕೆ ಅಂತ ಕೇಳಬಹುದು. ಡೆನ್ಮಾರ್ಕ್‌ನಲ್ಲಿ ಔಷಧ ಕಂಪನಿಯೊಂದರ ಕೆಲಸಗಾರರ ಮೇಲೆ ನಡೆದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಒಟ್ಟು 40 ಜನ, ಹೆಚ್ಚಿನವರು ಹೆಂಗಸರು. ಅವರಲ್ಲಿ ಒಂದು ಗುಂಪು ವಾರಕ್ಕೆ ಮೂರು ದಿನದಂತೆ ಎಂಟು ವಾರ ಕೆಟಲ್‌ಬೆಲ್ ಮಾಡಿತು. ಆ ಗುಂಪಿನಲ್ಲಿ ಕತ್ತು, ಭುಜ, ಸೊಂಟದ ನೋವು ಕಡಿಮೆಯಾಯಿತು, ಬೆನ್ನಿನ ಶಕ್ತಿ ಹೆಚ್ಚಾಯಿತು. ಇಡೀ ದಿನ ಕೂತು ದುಡಿಯುವವರಿಗೆ ಇದು ಒಪ್ಪುತ್ತದೆ ಅನ್ನುವುದು ನನ್ನ ಅನುಭವವೂ ಹೌದು. ಆದರೆ ಸರಿಯಾಗಿ ಮಾಡಿದರೆ ಮಾತ್ರ.

ಮೊದಲ ಎರಡು ವಾರ ಸ್ವಿಂಗ್ ಮುಟ್ಟಲಿಲ್ಲ. ಬಾಗುವುದನ್ನೇ ಕಲಿತರು. ಸ್ವಿಂಗ್‌ನಲ್ಲಿ ಬಾಗುವುದು ಸೊಂಟದಲ್ಲಲ್ಲ, ಅದರ ಕೆಳಗೆ ತೊಡೆ ಸೇರುವ ಸಂದಿನಲ್ಲಿ. ಬೆನ್ನು ಹಲಗೆಯ ಹಾಗೆ ನೇರ ಇರಬೇಕು, ಹಿಂಭಾಗ ಹಿಂದಕ್ಕೆ ಹೋಗಬೇಕು, ಮೊಣಕಾಲು ಸ್ವಲ್ಪವೇ ಮಡಚಬೇಕು. ಮೊಣಕಾಲಿನ ಕೆಳಗಿನ ಕಾಲು ಹೆಚ್ಚು ಕಡಿಮೆ ಕಂಬದ ಹಾಗೆ ನಿಲ್ಲಬೇಕು. ಬೆನ್ನ ಮೇಲೆ ಕೋಲು ಇಟ್ಟು ಅಭ್ಯಾಸ ಮಾಡಿಸಿದೆ. ಕೋಲು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರಕ್ಕೂ ತಾಗಿಕೊಂಡೇ ಇರಬೇಕು. ಒಂದು ಬಿಟ್ಟರೂ ಬೆನ್ನು ಬಾಗಿದೆ ಅಂತ ಅರ್ಥ. ಅಕ್ಕನಿಗೆ ಇದು ತಲೆಗೆ ಹತ್ತಿದ್ದು ಕೋಲಿನಿಂದಲ್ಲ. "ಎರಡೂ ಕೈಯಲ್ಲಿ ಕೊಡ ಇದ್ದಾಗ ಬಾಗಿಲು ಹೆಂಗೆ ಮುಚ್ತೀರಿ?" ಅಂತ ಕೇಳಿದೆ. ಹಿಂಭಾಗದಿಂದ ತಳ್ಳಿ ತೋರಿಸಿದರು. ಬೆನ್ನು ನೇರ, ಮೊಣಕಾಲು ಸಡಿಲ, ಹಿಂಭಾಗ ಹಿಂದಕ್ಕೆ. ಅದೇ ಬೇಕಾಗಿದ್ದದ್ದು.

12 ಕಿಲೋ ಡೆಡ್‌ಲಿಫ್ಟ್, ಅಂದರೆ ಹೀಗೆ ಬಾಗಿ ಗುಂಡನ್ನು ನೆಲದಿಂದ ಎತ್ತಿ ನೇರ ನಿಲ್ಲುವುದು, ಚೆನ್ನಾಗಿ ಬಂತು. ಮೂರನೇ ವಾರ ಸ್ವಿಂಗ್ ಶುರು ಮಾಡಿದೆವು. ಆ ವಾರದ ಬುಧವಾರ ಏನಾಯಿತು ಅಂತ ಮೇಲೆ ಹೇಳಿದೆ.

ಅವತ್ತು ಅಲ್ಲಿಗೇ ನಿಲ್ಲಿಸಿದೆವು. ನಾನು ಮೊದಲು ಕೇಳಿದ ಪ್ರಶ್ನೆಗಳು ಇವು: ನೋವು ಕಾಲಿಗೆ ಇಳಿಯುತ್ತಿದೆಯಾ? ಪಾದದಲ್ಲಿ ಜುಮ್ಮೆನ್ನುವುದು, ಮರಗಟ್ಟುವುದು ಇದೆಯಾ? ಕಾಲಿನಲ್ಲಿ ಬಲ ಕಡಿಮೆ ಅನಿಸುತ್ತಿದೆಯಾ? ಮೂತ್ರದ ಹಿಡಿತದಲ್ಲಿ ಏನಾದರೂ ವ್ಯತ್ಯಾಸ? ಇದರಲ್ಲಿ ಒಂದಕ್ಕೆ ಹೌದು ಅಂದರೂ ವ್ಯಾಯಾಮದ ಮಾತು ಬಿಟ್ಟು ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಅದರಲ್ಲೂ ಮೂತ್ರದ ಹಿಡಿತ ತಪ್ಪಿದ್ದರೆ, ಕೂರುವ ಜಾಗ ಮರಗಟ್ಟಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಅಕ್ಕನಿಗೆ ಯಾವುದೂ ಇರಲಿಲ್ಲ. ಆದರೂ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ನರಕ್ಕೆ ಏನೂ ಆಗಿಲ್ಲ, ಸ್ನಾಯು ದಣಿದು ಬಿಗಿದಿದೆ, ಓಡಾಡಿಕೊಂಡಿರಿ ಅಂದರು. ನಾಲ್ಕು ದಿನಕ್ಕೆ ನೋವು ಹೋಯಿತು.

ನನ್ನ ತಪ್ಪು ಶುರುವಾಗಿದ್ದು ಇಲ್ಲಿಂದ. ಬೆನ್ನಿನ ಬಲ ಸಾಲದು ಅಂದುಕೊಂಡೆ. ಗುಂಡನ್ನು 12ರಿಂದ 8 ಕಿಲೋಗೆ ಇಳಿಸಿದೆ, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯ ಹಾಗೆ ಹಿಡಿದು ನಿಲ್ಲಿಸುವುದು) ಜಾಸ್ತಿ ಮಾಡಿಸಿದೆ. ನಾಲ್ಕನೇ ವಾರ ಹಾಗೂ ಹೀಗೂ ಕಳೆಯಿತು. ಐದನೇ ವಾರ ಮತ್ತೆ ಅದೇ ಬಿಗಿತ. ಈ ಸಲ ಭುಜವೂ ನೋಯುತ್ತಿತ್ತು.

ತೂಕ ಇಳಿಸಿದ ಮೇಲೆ ನೋವು ಇಳಿಯಬೇಕಿತ್ತು, ಅಲ್ವಾ? ಇನ್ನೊಂದು ವಿಷಯ ಕಣ್ಣ ಮುಂದೆಯೇ ಇದ್ದರೂ ನಾನು ಗಮನ ಕೊಟ್ಟಿರಲಿಲ್ಲ. ಆ ಹೊತ್ತಿಗೆ ಡೆಡ್‌ಲಿಫ್ಟ್‌ನಲ್ಲಿ ಅಕ್ಕ 16 ಕಿಲೋ ಎತ್ತುತ್ತಿದ್ದರು, ಒಂದಿಷ್ಟೂ ನೋವಿಲ್ಲದೆ. 16 ಕಿಲೋ ಎತ್ತಿದರೆ ಸುಮ್ಮನಿರುವ ಬೆನ್ನು 8 ಕಿಲೋ ಬೀಸಿದರೆ ದೂರು ಕೊಡುತ್ತಿದೆ ಅಂದರೆ ತೊಂದರೆ ಬಲದಲ್ಲಿಲ್ಲ. ಬೀಸುವುದರಲ್ಲಿದೆ.

ಇಲ್ಲಿ ಒಂದು ಮಾತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಬೆನ್ನುಮೂಳೆಯ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದವರು. ಅವರು ಲೀ ಮಾರ್ಷಲ್ ಜೊತೆ 2012ರಲ್ಲಿ ಸ್ವಿಂಗ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾವು ಸಾಮಾನ್ಯವಾಗಿ ಬಗ್ಗಿ ಭಾರ ಎತ್ತುವಾಗ ಬೆನ್ನುಮೂಳೆಯ ಮೇಲಿನ ಮಣಿಯನ್ನು ಕೆಳಗಿನ ಮಣಿಯ ಮೇಲೆ ಮುಂದಕ್ಕೆ ಜಾರಿಸುವ ಕಡೆಗೆ ಒತ್ತಡ ಬೀಳುತ್ತದೆ. ಸ್ವಿಂಗ್‌ನಲ್ಲಿ ಆ ಒತ್ತಡದ ದಿಕ್ಕೇ ತಿರುಗುತ್ತದೆ. ಸೊಂಟದ ನಾಲ್ಕನೇ ಮಣಿಯನ್ನು ಐದನೆಯದರ ಮೇಲೆ ಹಿಂದಕ್ಕೆ ಎಳೆಯುತ್ತದೆ. ಕೆಲವರಿಗೆ ಸ್ವಿಂಗ್‌ನಿಂದ ಬೆನ್ನು ಹಗುರಾಗುವುದು, ಡೆಡ್‌ಲಿಫ್ಟ್‌ನಲ್ಲಿ ಗಟ್ಟಿಗರಾದ ಕೆಲವರಿಗೆ ಸ್ವಿಂಗ್‌ನಲ್ಲಿ ಮಾತ್ರ ನೋಯುವುದು ಇದರಿಂದ ಇರಬಹುದು ಅಂತ ಅವರು ಹೇಳಿದ್ದಾರೆ. ಇದು ನನಗೆ ಗೊತ್ತಿದ್ದ ವಿಷಯವೇ. ಹಾಗಾಗಿ ಅಕ್ಕ ಆ ಕೆಲವರಲ್ಲಿ ಒಬ್ಬರೇನೋ, ಸ್ವಿಂಗ್ ಬಿಡಿಸಿಬಿಡೋಣ ಅನ್ನುವ ತನಕ ಹೋಗಿದ್ದೆ. ಬಿಡಿಸುವ ಮುಂಚೆ ಒಂದು ಸಲ ಸರಿಯಾಗಿ ನೋಡೋಣ ಅನಿಸಿತು. ಆರನೇ ವಾರದ ಸೋಮವಾರ ಬೆಳಿಗ್ಗೆ 6 ಗಂಟೆಗೆ ಕರೆದೆ. ಏಪ್ರಿಲ್ ಬೇರೆ. ನಮ್ಮೂರಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವ ಕಾಲ. ಸಂಜೆಯೂ ಬಂಡೆ ಬಿಸಿ ಉಗುಳುತ್ತಿರುತ್ತದೆ, ಅಂಗೈ ಬೆವರಿ ಹಿಡಿ ಜಾರುತ್ತದೆ.

ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಮೊಣಕಾಲಿನ ಎತ್ತರಕ್ಕೆ ಇಟ್ಟು, ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ತೆಗೆದೆ. ಐದೇ ಸ್ವಿಂಗ್. ಆ ಐದನ್ನು ನಾವಿಬ್ಬರೂ ಕೂತು ಸುಮಾರು ಅರ್ಧ ಗಂಟೆ ನೋಡಿದೆವು.

ಮೇಲೆ ಹೋಗುವಾಗ ಗುಂಡನ್ನು ಕೈ ಎತ್ತುತ್ತಿತ್ತು. ಮೊಣಕೈ ಮಡಚಿ, ಭುಜ ಕಿವಿಯ ಕಡೆಗೆ ಏರುತ್ತಿತ್ತು. 8 ಕಿಲೋ ಆದ್ದರಿಂದ ಕೈಗೆ ಅದು ಸಾಧ್ಯವಿತ್ತು. ನಾನು ತೂಕ ಇಳಿಸಿ ಕೈಗೆ ಕೆಲಸ ಕೊಟ್ಟಿದ್ದೆ, ಭುಜದ ನೋವು ಬಂದದ್ದು ಅದಕ್ಕೆ. ಇದನ್ನು ಖಾತ್ರಿ ಮಾಡಿಕೊಳ್ಳಲು ಟವೆಲ್ ಪರೀಕ್ಷೆ ಮಾಡಿದೆವು. ಗಟ್ಟಿ ಟವೆಲ್ಲನ್ನು ಗುಂಡಿನ ಹಿಡಿಯೊಳಗೆ ತೂರಿಸಿ, ಎರಡೂ ತುದಿ ಸೇರಿಸಿ ಹಿಡಿದು ಸ್ವಿಂಗ್ ಮಾಡುವುದು. ಬಲ ತೊಡೆ ಸಂದಿನಿಂದ ಬಂದರೆ ಕೈ, ಟವೆಲ್, ಗುಂಡು ಒಂದೇ ಗೆರೆಯಲ್ಲಿ ಚಿಮ್ಮುತ್ತವೆ. ಕೈಯಿಂದ ಎತ್ತಿದರೆ ಗುಂಡು ಟವೆಲ್ಲಿನ ತುದಿಯಲ್ಲಿ ಬಾವಿಯ ಬಕೆಟ್ಟಿನ ಹಾಗೆ ಜೋತು ಬೀಳುತ್ತದೆ. ಅಕ್ಕನದು ಜೋತು ಬಿತ್ತು.

ಕೆಳಗೆ ಬರುವಾಗ ಆಗುತ್ತಿದ್ದದ್ದು ಇನ್ನೂ ಮುಖ್ಯ. ಗುಂಡು ಇನ್ನೂ ಎದೆಯ ಕೆಳಗೆ ಗಾಳಿಯಲ್ಲಿ ಇರುವಾಗಲೇ ಅಕ್ಕ ಬಾಗಿಬಿಡುತ್ತಿದ್ದರು. ಅವರು ಮೊದಲೇ ಬಾಗಿದ್ದರಿಂದ ಗುಂಡಿಗೆ ಹಿಂದಕ್ಕೆ ಹೋಗಲು ದಾರಿ ಇರುತ್ತಿರಲಿಲ್ಲ. ನೇರ ಕೆಳಗೆ ಬಿದ್ದು, ಮೊಣಕಾಲಿಗಿಂತ ಕೆಳಗೆ, ಹೆಚ್ಚು ಕಡಿಮೆ ಕಣಕಾಲಿನ ನಡುವೆ ಹಾದು ಹೋಗುತ್ತಿತ್ತು. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದು ನೋಡಿ, ಆಮೇಲೆ ಸೊಂಟಕ್ಕಿಟ್ಟು ನೋಡಿ. ಭಾರ ಅಷ್ಟೇ, ಆದರೆ ಮೈಯಿಂದ ದೂರವಾದಷ್ಟೂ ಬೆನ್ನಿಗೆ ಹೊರೆ ಜಾಸ್ತಿ. ಇಲ್ಲಿ ಗುಂಡು ದೂರವೂ ಇತ್ತು, ಬೀಳುತ್ತಲೂ ಇತ್ತು. ಬೀಳುವ ಭಾರವನ್ನು ಬೆನ್ನು ಹಿಡಿದು ನಿಲ್ಲಿಸುತ್ತಿತ್ತು. ಅದೂ ಒಂದು ದಿನಕ್ಕೆ ನಲವತ್ತು ಸಲ.

ಸರಿಯಾದ ಸ್ವಿಂಗ್‌ನಲ್ಲಿ ಗುಂಡು ಹಾದುಹೋಗುವುದು ತೊಡೆಯ ಮೇಲ್ಭಾಗದಲ್ಲಿ, ಸಂದಿಗೆ ತೀರಾ ಹತ್ತಿರ. ಮುಂಗೈ ಒಳತೊಡೆಗೆ ತಾಗುತ್ತದೆ. ಕೈ ತೊಡೆಗೆ ತಾಗುವ ಹೊತ್ತಿಗೆ ಬಾಗಬೇಕು, ಅದಕ್ಕಿಂತ ಮುಂಚೆ ಅಲ್ಲ.

ಇದನ್ನು ವಿಡಿಯೋದಲ್ಲಿ ತೋರಿಸಿ, "ಗುಂಡನ್ನ ಇಷ್ಟು ಕೆಳಗೆ ಯಾಕೆ ಕಳಿಸ್ತೀರಿ?" ಅಂತ ಕೇಳಿದೆ. ಸುಮ್ನೆ ಕೇಳಿದ ಪ್ರಶ್ನೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಚೂಡಿದಾರದ ಟಾಪ್ ಎಳೆದು ತೋರಿಸಿದರು. ಅದು ಮೊಣಕಾಲಿನ ತನಕ ಇತ್ತು. "ಮ್ಯಾಲೆ ತಗಂಡ್ರೆ ಇದು ಗುಂಡಿಗೆ ಸಿಗ್ತೈತೆ ಮೇಡಂ." ಇನ್ನೂ ದನಿ ಇಳಿಸಿ ಹೇಳಿದರು, "ಸಂಜಿ ಹೊತ್ತು ಗಂಡಸ್ರು ಇರ್ತಾರೆ. ಕಾಲ ಸಂದ್ಯಾಗೆ ಅಷ್ಟು ಮ್ಯಾಲೆ ಹೆಂಗೆ ತಗಳೋದು?"

ಮತ್ತೆ ವಿಡಿಯೋ ನೋಡಿದೆ. ಟಾಪ್‌ನ ಮುಂಭಾಗ ಪರದೆಯ ಹಾಗೆ ಇಳಿಬಿದ್ದಿತ್ತು. ಗುಂಡು ಪ್ರತಿ ಸಲವೂ ಆ ಅಂಚಿನ ಕೆಳಗಿನಿಂದ ನುಸುಳಿ ಹೋಗುತ್ತಿತ್ತು. ಇದನ್ನು ನಾನು ಮೂರು ವಾರ ನೋಡಿದ್ದೆ, ನೋಡಿಯೂ ಕಂಡಿರಲಿಲ್ಲ. ನಾನೂ ಹೆಣ್ಣೇ, ಆದರೆ ವರ್ಷಗಳಿಂದ ಟ್ರ್ಯಾಕ್ ಪ್ಯಾಂಟಿನಲ್ಲೇ ಇರುವವಳು. ಆ ಸಂಕೋಚ ಹೇಗಿರುತ್ತದೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಹೆಂಗಸರಿಗೆ ಸ್ವಿಂಗ್ ಕಲಿಸುವವರು ಗಂಡಸರಾಗಲಿ ಹೆಂಗಸರಾಗಲಿ, ಬೆನ್ನು ನೋವು ಅಂದ ತಕ್ಷಣ ಹೊಟ್ಟೆಯ ಸ್ನಾಯು ಗಟ್ಟಿಮಾಡಲು ಹೇಳುತ್ತೇವೆ. ಏನು ಉಟ್ಟು ಬಂದಿದ್ದಾರೆ, ಯಾರ ಎದುರು ನಿಂತಿದ್ದಾರೆ ಅಂತ ಕೇಳುವುದಿಲ್ಲ.

ಪರಿಹಾರ ಅಕ್ಕನೇ ಮಾಡಿಕೊಂಡರು. ಹೊಲಿಗೆಯವರಿಗೆ ಬಟ್ಟೆ ಒಂದು ಸಮಸ್ಯೆಯಾ? ಬುಧವಾರ ಬರುವಾಗ ಅದೇ ಟಾಪನ್ನು ಸೊಂಟದಿಂದ ನಾಲ್ಕು ಬೆರಳು ಕೆಳಗೆ ಕತ್ತರಿಸಿ, ಅಂಚು ಮಡಚಿ ಹೊಲಿದು ಹಾಕಿಕೊಂಡಿದ್ದರು. ಕೆಳಗೆ ದಪ್ಪ ಕಾಟನ್ನಿನ ಸಡಿಲ ಪ್ಯಾಂಟು, ಅದೂ ಅವರೇ ಹೊಲಿದದ್ದು, ಬಗ್ಗಿದರೆ ಎಲ್ಲೂ ಬಿಗಿಯುವುದಿಲ್ಲ. ಇನ್ನಿಬ್ಬರು ಅಂಥದ್ದೇ ಹೊಲಿದುಕೊಡಿ ಅಂತ ಅಲ್ಲೇ ಹೇಳಿದರು. ಬೆಳಗಿನ 6ರಿಂದ 7 ಹೆಂಗಸರಿಗೆ ಮಾತ್ರ ಅಂತ ನಾನು ಮಾಡಿದೆ. ಸ್ವಿಂಗ್ ಜಾಗವನ್ನು ಕನ್ನಡಿಯ ಎದುರಿನಿಂದ ಗೋಡೆಯ ಮೂಲೆಗೆ ಬದಲಿಸಿದೆ. ಕನ್ನಡಿ ಇದ್ದರೆ ಕತ್ತು ಎತ್ತಿ ನೋಡುವ ಚಟ ಬೇರೆ. ಬಾಗಿದಾಗ ಕಣ್ಣು ಆರೇಳು ಅಡಿ ಮುಂದಿನ ನೆಲದ ಮೇಲಿದ್ದರೆ ಕತ್ತು ಬೆನ್ನಿನ ಗೆರೆಯಲ್ಲೇ ಉಳಿಯುತ್ತದೆ.

ದಪ್ಪ ಹಿಮ್ಮಡಿಯ ಮೆತ್ತನೆ ಶೂ ಬಿಡಿಸಿ ಬರಿಗಾಲಲ್ಲಿ ನಿಲ್ಲಿಸಿದೆ. ಹಿಮ್ಮಡಿ ನೆಲ ಒತ್ತುವುದು ಗೊತ್ತಾಗಬೇಕು.

ಗುಂಡನ್ನು ಮತ್ತೆ 12ಕ್ಕೆ ಏರಿಸಿದೆ. ನೋವಿದ್ದವರಿಗೆ ತೂಕ ಏರಿಸುವುದು ಅಂದರೆ ಕೇಳಿದವರಿಗೆ ಭಯ ಆಗಬಹುದು. ಆದರೆ 12 ಕಿಲೋವನ್ನು ಅಕ್ಕನ ಕೈ ಎತ್ತಲಾರದು, ಹಾಗಾಗಿ ತೊಡೆ, ಹಿಂಭಾಗ ಕೆಲಸ ಮಾಡಲೇಬೇಕು. ಸಾಲು ಸ್ವಿಂಗ್ ಮಾತ್ರ ಬೇಡ ಅಂದೆ. ಒಂದೊಂದೇ. ಗುಂಡು ಒಂದು ಅಡಿ ಮುಂದೆ ಇರಬೇಕು. ಹಿಡಿಯನ್ನು ತಮ್ಮ ಕಡೆಗೆ ವಾಲಿಸಿ ಹಿಡಿದು, ಬಾಗಿದ ಭಂಗಿಯಲ್ಲೇ ಬೆನ್ನು ಬಿಗಿಮಾಡಿ, ಗುಂಡನ್ನು ಕಾಲ ನಡುವೆ ಹಿಂದಕ್ಕೆ ಮೇಲಕ್ಕೆ ಎಸೆಯಬೇಕು. ಅಲ್ಲಿಂದ ಹಿಮ್ಮಡಿ ನೆಲಕ್ಕೆ ಒತ್ತಿ ಸಟ್ಟನೆ ನಿಲ್ಲಬೇಕು. ನಿಂತಾಗ ಮೊಣಕಾಲು ನೇರ, ಹಿಂಭಾಗ ಬಿಗಿ, ಹೊಟ್ಟೆ ಬಿಗಿ, ಉಸಿರು "ಹಸ್" ಅಂತ ಹೊರಗೆ. ಸೊಂಟವನ್ನು ಮುಂದಕ್ಕೆ ದೂಡಿ ಹಿಂದಕ್ಕೆ ವಾಲಬಾರದು. ಗುಂಡು ಎದೆಯ ಮಟ್ಟಕ್ಕೆ ಬಂದರೆ ಬರಲಿ, ಹೊಟ್ಟೆಯ ಮಟ್ಟಕ್ಕೇ ನಿಂತರೂ ಚಿಂತೆ ಇಲ್ಲ. ವಾಪಸ್ ಬಂದದ್ದನ್ನು ಹಿಂದಕ್ಕೆ ಒಮ್ಮೆ ಹೋಗಲು ಬಿಟ್ಟು, ಮುಂದೆ ಇಡಬೇಕು. ಉಸಿರು ತಗೊಂಡು ಮತ್ತೊಂದು. ಹೀಗೆ ಐದು, ಐದು ಸೆಟ್.

ಬೇಗ ಬಾಗುವ ಅಭ್ಯಾಸ ಬಿಡಿಸುವುದು ಮಾತ್ರ ಕಷ್ಟವಾಯಿತು. "ತಡ ಮಾಡಿ ಬಾಗಿ" ಅಂದರೆ ತೀರಾ ತಡವಾಗುತ್ತಿತ್ತು. "ಈಗ" ಅಂತ ಕೂಗಿದರೆ ನನ್ನ ದನಿ ಅವರಿಗೆ ತಲುಪುವುದರೊಳಗೆ ಗುಂಡು ಕೆಳಗಿರುತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಪಂಚಮಿ ಜೋಕಾಲಿ. ನಾಗರ ಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಆಡದ ಹೆಣ್ಣುಮಕ್ಕಳು ನಮ್ಮ ಕಡೆ ಯಾರಿದ್ದಾರೆ? "ಜೋಕಾಲಿಲಿ ಕೂತವರನ್ನ ತೂಗುವಾಗ ಯಾವಾಗ ತಳ್ತೀರಿ?" ಅಂತ ಕೇಳಿದೆ. "ನಮ್ ತಾವ ಬಂದು, ಇನ್ನೇನು ಹೊಳ್ಳಿ ಹೋಗಬೇಕು ಅನ್ನೋ ಹೊತ್ಗೆ" ಅಂದರು. ಬರುತ್ತಿರುವಾಗಲೇ ಮುಂದೆ ಹೋಗಿ ತಳ್ಳಿದರೆ? "ಕೈ ಮುರೀತೈತೆ, ಜೋಕಾಲಿನೂ ನಿಂತೋಗ್ತೈತೆ." ಹೇಳಿದವರು ತಮ್ಮಷ್ಟಕ್ಕೆ ತಾವೇ ನಕ್ಕರು. ಕೈಯಲ್ಲಿದ್ದ ಗುಂಡು ನೋಡಿದರು. ನಾನು ಮುಂದೆ ಏನೂ ಹೇಳಲಿಲ್ಲ. ಮುಂದಿನ ಸ್ವಿಂಗ್‌ನಲ್ಲಿ ಅವರು ನಿಂತೇ ಇದ್ದರು. ಗುಂಡು ಇಳಿಯಿತು, ಮೇಲ್ಗೈ ಪಕ್ಕೆಗೆ ಅಂಟಿತು, ಮುಂಗೈ ತೊಡೆಗೆ ಬಂತು, ಆಗ ಬಾಗಿದರು. ಗುಂಡು ಹಿಂದೆ ಹೋಗಿ ತಾನೇ ಚಿಮ್ಮಿ ಬಂದಾಗ ಅವರ ಕಣ್ಣು ದೊಡ್ಡದಾಯಿತು. "ಇದು ಹಗುರ ಐತಲ್ಲ ಮೇಡಂ! ಗುಂಡು ಬದಲಿ ಮಾಡಿದ್ರಾ?" ಅಂದರು. ಅದೇ 12 ಕಿಲೋ.

ಎಂಟನೇ ವಾರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸ್ವಿಂಗ್ ಚೆನ್ನಾಗಿದ್ದರೂ ಕೆಲವು ದಿನ ಬಲಗಡೆ ಸೊಂಟ ಮಾತ್ರ ಹಿಡಿಯುತ್ತದೆ ಅನ್ನುತ್ತಿದ್ದರು. ವಿಡಿಯೋವನ್ನು ಕೊನೆಯ ತನಕ ಓಡಿಸಿದರೆ, ಸೆಟ್ ಮುಗಿದ ಮೇಲೆ ಅಕ್ಕ ಗುಂಡನ್ನು ಮುಂದೆ ಇಡುತ್ತಿರಲಿಲ್ಲ. ಬಲಕ್ಕೆ ತಿರುಗಿ, ಬೆನ್ನು ಬಾಗಿಸಿ, ಪಕ್ಕದಲ್ಲಿ ಇಡುತ್ತಿದ್ದರು. ಹೊಲಿದ ಪ್ಯಾಂಟನ್ನು ಬಲಕ್ಕೆ ಹಾಕುವ ಹಾಗೇ. ಮೈಗೆ ಅದೇ ರೂಢಿ. ಸೆಟ್ ಮುಗಿಯಿತು ಅಂದ ಕೂಡಲೇ ನಾವು ಕಲಿಸುವವರೂ ಕಣ್ಣು ಬೇರೆ ಕಡೆ ತಿರುಗಿಸುತ್ತೇವೆ, ಗುಂಡು ಇನ್ನೂ ಕೈಯಲ್ಲೇ ಇರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದೆ. ಗುಂಡು ಅಲ್ಲಿಂದಲೇ ಏಳಬೇಕು, ಅಲ್ಲೇ ಕೂರಬೇಕು. ಯೂನಿಟ್‌ನಲ್ಲಿ ಬಲಗಡೆ ಒಂದು ಸ್ಟೂಲ್ ಇಟ್ಟುಕೊಂಡು ಅದರ ಮೇಲೆ ಬಟ್ಟೆ ಹಾಕುತ್ತಿದ್ದಾರೆ ಈಗ. ಅದು ಅವರದೇ ಯೋಚನೆ. ಹತ್ತನೇ ವಾರದಿಂದ ಬಲಗಡೆಯ ನೋವು ಹೇಳಿಲ್ಲ.

ಹನ್ನೆರಡನೇ ವಾರ 12 ಕಿಲೋದಲ್ಲಿ ಹತ್ತರ ಐದು ಸೆಟ್, ನಡುವೆ ಒಂದು ನಿಮಿಷ ವಿಶ್ರಾಂತಿ, ನೋವಿಲ್ಲ. ಟವೆಲ್ ಪರೀಕ್ಷೆಯಲ್ಲಿ ಗುಂಡು ಗೆರೆ ಬಿಡಲಿಲ್ಲ. ಕತ್ತಿನ ಬಿಗಿತ ವಾರದ ಕೊನೆಗೆ ಮಾತ್ರ ಬರುತ್ತದೆ, ಪೂರ್ತಿ ಹೋಗಿಲ್ಲ. ಆರ್ಡರ್ ಜಾಸ್ತಿ ಇರುವ ದಿನಗಳಲ್ಲಿ ರಾತ್ರಿ ತನಕ ಮಿಷನ್ ಮುಂದೆ ಕೂರುತ್ತಾರೆ, ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ.

ಈಗ 16 ಕಿಲೋ ಶುರುವಾಗಿದೆ. ಆರು ಸ್ವಿಂಗ್ ತನಕ ನೋಡಲು ಸಂತೋಷ. ಏಳನೆಯದರಲ್ಲಿ ದಣಿವು ಬಂದು ಮತ್ತೆ ಗುಂಡಿಗಿಂತ ಮೊದಲೇ ಬಾಗುತ್ತಾರೆ. ಮೊನ್ನೆ ನಾನು ಹೇಳುವ ಮುಂಚೆ ಅವರೇ ನಿಲ್ಲಿಸಿ, ಗುಂಡನ್ನು ಚೌಕದಲ್ಲಿಟ್ಟು, "ಬರೋಕಿಂತ ಮುಂಚೆ ಹೋದೆ" ಅಂದರು. ಹಾಗಾಗಿ ಸದ್ಯಕ್ಕೆ ಆರಕ್ಕೇ ನಿಲ್ಲಿಸುತ್ತಿದ್ದೇವೆ.